ಸಂಪೀಡಿತ ವಾಯು ಮತ್ತು ಶ್ರಮಿಕರ ಶ್ರವಣರಕ್ಷಣೆ

ವಾಯುವನ್ನು ಒತ್ತಿ ಹಿಡಿದು, ಕೊಳವೆಗಳ ಮೂಲಕ ದೂರಕ್ಕೆ ಒಯ್ದು, ಬೇಕಾದೆಡೆಯಲ್ಲಿ ಯಂತ್ರವನ್ನು ನಡೆಯಿಸಬಹುದೆಂಬುದನ್ನು ಲೋಕಕ್ಕೆ ಮನಗಾಣಿಸಿದುದು, ಆಲ್ಪ್ಸ್ ಪರ್ವತವನ್ನು ಭೇದಿಸಿ ಫ್ರಾನ್ಸ್ ಇಟಲಿಗಳನ್ನು ಕೂಡಿಸಿದ ಫ್ರೇಜುಸ್ ಸುರಂಗ. ಅಲ್ಲಿ 1861ರಿಂದ ಎಂಜಿನಿಯರು ಜರ್ಮೇನ್ ಸೊಮೆಯೆ ಪ್ರಯೋಗಿಸಿದ ಬೈರಿಗೆಗಳು ಬಂಡೆಯನ್ನು ಕೊರೆದುದಲ್ಲದೆ, ಅವು ಹೊರಬಿಟ್ಟ ಗಾಳಿಯು ಒಳಗಿನವರ ಉಸಿರಿಗೂ ಒದಗಿತು. 1871ರ ಉದ್ಘಾಟನೆಯನ್ನು ಕಾಣುವ ಮುನ್ನವೇ ಆ ಎಂಜಿನಿಯರು ತೀರಿಕೊಂಡುದು ಖೇದಕರ.

ಇಂದು ಬಣ್ಣ ಸಿಂಪಡಿಕೆಗೂ ಬೋಲ್ಟು ಬಿಗಿತಕ್ಕೂ ಧೂಳು ಊದುವಿಕೆಗೂ ಬಳಕೆಯಾಗುವ ಸಂಪೀಡಿತ ವಾಯುವಿನ ದೋಷವೆಂದರೆ ಶಬ್ದ. ನಳಿಕೆಯಿಂದ ಚಿಮ್ಮುವ ಧಾರೆಯು ಸುತ್ತಲಿನ ನಿಶ್ಚಲ ವಾಯುವಿನೊಡನೆ ಬೆರೆಯುವಾಗ ಏಳುವ ಪ್ರಕ್ಷುಬ್ಧತೆಯೇ ಅದರ ಮೂಲ. 1952ರಲ್ಲಿ ಗಣಿತಜ್ಞ ಜೇಮ್ಸ್ ಲೈಟ್‌ಹಿಲ್ ಪ್ರತಿಪಾದಿಸಿದಂತೆ, ಈ ಶಬ್ದಶಕ್ತಿಯು ಧಾರೆಯ ವೇಗದ ಎಂಟನೆಯ ಘಾತವನ್ನು ಅನುಸರಿಸುವುದರಿಂದ, ವೇಗವನ್ನು ಅರ್ಧಕ್ಕಿಳಿಸಿದರೆ ಶಬ್ದವು 256ರಲ್ಲಿ ಒಂದಂಶಕ್ಕೆ, ಎಂದರೆ ಸುಮಾರು 24 ಡೆಸಿಬೆಲ್‌ನಷ್ಟು ತಗ್ಗುವುದು. ಪರಿಹಾರವೂ ಇದರಲ್ಲಿಯೇ ಅಡಗಿದೆ.

ಇಂಥ ಶಬ್ದಕ್ಕೆ ಸಿಕ್ಕಿ ಒಳಗಿವಿಯ ಕೇಶಕೋಶಗಳು ಒಮ್ಮೆ ನಶಿಸಿದರೆ ಮನುಷ್ಯನಲ್ಲಿ ಮರಳಿ ಹುಟ್ಟವು. ಹಾನಿಯು ಸಾಮಾನ್ಯವಾಗಿ 4000 ಹರ್ಟ್ಸ್ ಆಸುಪಾಸಿನಲ್ಲಿ ಮೊದಲು ತೋರುವುದಾದ್ದರಿಂದ, ಮಾತು ಕೇಳಿಸುತ್ತಿರುವ ಶ್ರಮಿಕನಿಗೆ ತನ್ನ ನಷ್ಟದ ಅರಿವೇ ಆಗದು. ಭಾರತದಲ್ಲಿ ಶಬ್ದಜನ್ಯ ಶ್ರವಣನಷ್ಟವು 1948ರ ಕಾರ್ಖಾನೆ ಕಾಯಿದೆಯ ಮೂರನೆಯ ಅನುಸೂಚಿಯಲ್ಲಿ ಸ್ಥಾನ ಪಡೆಯಿತು. ಆ ಕಾಯಿದೆಯಡಿಯ ಮಾದರಿ ನಿಯಮಗಳು ದಿನಕ್ಕೆ 8 ಗಂಟೆಗಳಿಗೆ 90 ಡೆಸಿಬೆಲ್ ಮಿತಿಯನ್ನು ವಿಧಿಸಿದುವು.

ಕಿವಿಮುಚ್ಚುಗಳು ಕಡೆಯ ಉಪಾಯ. ಒತ್ತಡವನ್ನು ತಗ್ಗಿಸುವುದು, ನಿಶ್ಶಬ್ದಕ ನಳಿಕೆಗಳನ್ನು ತೊಡಿಸುವುದು, ಸಂಪೀಡಕವನ್ನು ಪ್ರತ್ಯೇಕ ಕೊಠಡಿಯಲ್ಲಿರಿಸುವುದು, ಇವು ಮಾಲೀಕರ ಪ್ರಥಮ ಕರ್ತವ್ಯಗಳು. ಮೈಬಟ್ಟೆಯ ಧೂಳನ್ನು ಸಂಪೀಡಿತ ಗಾಳಿಯಿಂದ ಕೊಡವಿಕೊಳ್ಳುವ ಅಭ್ಯಾಸವನ್ನು ಶ್ರಮಿಕರು ಇಂದೇ ಬಿಡಬೇಕು.