ಹಿಂಬಾಗಿಲಿನ ಮಸಿ ಎಲ್ಲಿಂದ?

ತೊಳೆದ ಎರಡೇ ದಿನಕ್ಕೆ ಹ್ಯಾಚ್‌ಬ್ಯಾಕ್‌ ಕಾರಿನ ಹಿಂಬದಿ ಕಪ್ಪಾಗುತ್ತದೆ ಎನ್ನುವ ಓದುಗರು ತಕ್ಷಣ ಎಂಜಿನ್ನನ್ನೇ ದೂರಬೇಕಿಲ್ಲ. ಓಡುವ ಕಾರಿನ ಬೆನ್ನಿಗೆ ಗಾಳಿಯ ಒತ್ತಡ ಕುಸಿದು ಸುಳಿ ಏಳುತ್ತದೆ. ಚಕ್ರ ಎಬ್ಬಿಸಿದ ಧೂಳು, ಕೆಸರು, ಹೊಗೆ ಎಲ್ಲವೂ ಅಲ್ಲೇ ಬಂದು ಅಂಟುತ್ತವೆ. ಇಂಥ ಕಾರುಗಳಿಗೆ ಹಿಂದೆಯೂ ವೈಪರ್ ಕೊಡುವುದು ಇದಕ್ಕೇ.

ಮೊದಲು ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಬೇಕು.

ಕಂದು ಬಣ್ಣ, ಬೆರಳಿಗೆ ತರಿತರಿ ಎಂದರೆ ರಸ್ತೆಯ ಧೂಳು. ಒಣ ಕರಿಪುಡಿ ಸೈಲೆನ್ಸರ್ ಬದಿಗೇ ದಟ್ಟವಾಗಿದ್ದರೆ ಅದು ಹೊಗೆಯ ಮಸಿ: ಪೆಟ್ರೋಲ್ ಕಾರಿನಲ್ಲಿ ಸೋರುವ ಇಂಜೆಕ್ಟರ್ ಅಥವಾ ಕೆಟ್ಟ ಆಕ್ಸಿಜನ್ ಸೆನ್ಸರ್ ಕಾರಣವಿರಬಹುದು. ಜಿಡ್ಡುಗಪ್ಪಿನ ಜೊತೆ ನೀಲಿ ಹೊಗೆಯೂ ಕಂಡರೆ ಆಯಿಲ್ ಉರಿಯುತ್ತಿದೆ. ಡಿಪ್‌ಸ್ಟಿಕ್ ಎಳೆದು ಮಟ್ಟ ನೋಡಬೇಕು.

2020ರಲ್ಲಿ ಜಾರಿಯಾದ ಬಿಎಸ್-6 ಮಾನದಂಡದ ಡೀಸೆಲ್ ಕಾರಾದರೆ, ಎಂಜಿನ್ ತಣ್ಣಗಿದ್ದಾಗ ಹೊಗೆಕೊಳವೆಯೊಳಗೆ ಬೆರಳಾಡಿಸಲಿ. ದಪ್ಪ ಮಸಿ ಹತ್ತಿದರೆ ಪಾರ್ಟಿಕ್ಯುಲೇಟ್ ಫಿಲ್ಟರ್ ಬಿರುಕು ಬಿಟ್ಟಿರುವ ಶಂಕೆಯಿದೆ. ವಾರಂಟಿ ಮುಗಿಯುವ ಮೊದಲೇ ಪರೀಕ್ಷೆ ಮಾಡಿಸುವುದು ಒಳ್ಳೆಯದು.