ಅಚ್ಚಕ್ಷರದ ಔಚಿತ್ಯ

ಗೋಡೆಗೆ ಅಂಟಿಸಿದ ಪ್ರಕಟಣೆಯನ್ನು ದಾರಿಹೋಕನು ಹತ್ತು ಮಾರು ದೂರದಿಂದ ನೋಡುತ್ತಾನೆ. ಗ್ರಂಥದ ಪುಟವನ್ನಾದರೋ ವಾಚಕನು ಒಂದು ಮೊಳದ ಅಂತರದಲ್ಲಿ ಹಿಡಿದು ಗಂಟೆಗಟ್ಟಲೆ ಓದುತ್ತಾನೆ. ಮೊದಲನೆಯವನ ಗಮನವನ್ನು ಕ್ಷಣಮಾತ್ರದಲ್ಲಿ ಸೆಳೆಯಬೇಕು. ಎರಡನೆಯವನ ಕಣ್ಣಿಗೆ ಆಯಾಸವಾಗಬಾರದು. ಈ ಎರಡು ಕಾರ್ಯಗಳಿಗೂ ಒಂದೇ ಬಗೆಯ ಅಕ್ಷರ ಸಲ್ಲದು. ರೋಮನ್ ಲಿಪಿಯ ಒಂದು ವಿಶಿಷ್ಟ ಅಕ್ಷರಜಾತಿಯ ಚರಿತ್ರೆಯು ಈ ಮಾತಿಗೆ ಉತ್ತಮ ನಿದರ್ಶನವಾಗಿದೆ.

ಈ ಜಾತಿಯ ಅಕ್ಷರಗಳಲ್ಲಿ ನೆಟ್ಟನೆಯ ಗೆರೆಗಳು ಕಂಬದಂತೆ ದಪ್ಪ. ಅವುಗಳನ್ನು ಕೂಡಿಸುವ ಗೆರೆಗಳು ಕೂದಲೆಳೆಯಂತೆ ತೆಳು. ಗೆರೆಗಳ ತುದಿಯಲ್ಲಿ 'ಸೆರಿಫ್' ಎಂಬ ಕಿರಿದಾದ ಅಡ್ಡಗೆರೆಯಿರುತ್ತದೆ; ಅದೂ ಅಷ್ಟೇ ಸೂಕ್ಷ್ಮವಾದುದು. ಸ್ಥೂಲ ಸೂಕ್ಷ್ಮಗಳ ಈ ತೀವ್ರ ವೈದೃಶ್ಯವೇ ಈ ಅಕ್ಷರಗಳ ಸೊಬಗು.

ಇಂಥ ಸೂಕ್ಷ್ಮರೇಖೆ ಮುದ್ರಣದ ಮೊದಲ ದಿನಗಳಲ್ಲಿ ಸಾಧ್ಯವಿರಲಿಲ್ಲ. ಆಗಿನ ಕಾಗದ ಒರಟಾಗಿತ್ತು. ಒತ್ತಿದೊಡನೆ ಶಾಯಿ ಹರಡುತ್ತಿತ್ತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಜಾನ್ ಬಾಸ್ಕರ್‌ವಿಲ್ಲನು ನುಣುಪಾದ ಕಾಗದವನ್ನೂ ಕಪ್ಪು ಹೆಚ್ಚಿದ ಶಾಯಿಯನ್ನೂ ಬಳಸಿ, 1757ರಲ್ಲಿ ವರ್ಜಿಲ್ ಕವಿಯ ಕೃತಿಗಳನ್ನು ಅಚ್ಚುಮಾಡಿದನು. ಅವನು ತೋರಿದ ದಾರಿಯಲ್ಲಿ ಇಟಲಿಯ ಜಿಯಾಂಬತಿಸ್ತ ಬೊಡೋನಿ ಮತ್ತು ಫ್ರಾನ್ಸಿನ ಫರ್ಮೀನ್ ದಿದೋ ಇನ್ನೂ ಮುಂದೆ ಸಾಗಿದರು.

ಬೊಡೋನಿಯು 1740ರಲ್ಲಿ ಜನಿಸಿದನು. 1768ರಲ್ಲಿ ಪಾರ್ಮಾ ನಗರದ ಪ್ರಭುವಿನ ಮುದ್ರಣಾಲಯಕ್ಕೆ ಅಧಿಪತಿಯಾದನು. ಆ ಕಾಲದಲ್ಲಿ ಪ್ರತಿಯೊಂದು ಅಕ್ಷರವನ್ನೂ ಉಕ್ಕಿನ ಸಲಾಕೆಯ ತುದಿಯಲ್ಲಿ ಕೈಯಿಂದಲೇ ಕೆತ್ತಬೇಕಾಗಿತ್ತು. ಅದನ್ನು ತಾಮ್ರದ ಮೇಲೆ ಹೊಡೆದು ಪಡಿಯಚ್ಚು ತೆಗೆದು, ಅದರಲ್ಲಿ ಸೀಸದ ಮಿಶ್ರಲೋಹವನ್ನು ಎರೆದು ಮೊಳೆಗಳನ್ನು ತಯಾರಿಸುತ್ತಿದ್ದರು. ಒಂದೊಂದು ಗಾತ್ರಕ್ಕೂ ಬೇರೆ ಬೇರೆ ಕೆತ್ತನೆ ಅಗತ್ಯವಾಗಿತ್ತು. ಆದುದರಿಂದ ಚಿಕ್ಕ ಗಾತ್ರದಲ್ಲಿ ಸೂಕ್ಷ್ಮರೇಖೆಯನ್ನು ತುಸು ಬಲಗೊಳಿಸಲು ಕುಶಲಿಯಾದ ಕೆತ್ತನೆಗಾರನಿಗೆ ಅವಕಾಶವಿತ್ತು. ಬೊಡೋನಿಯು 1813ರಲ್ಲಿ ಮರಣಹೊಂದಿದನು. ಅವನ ಜೀವಮಾನದ ಅಕ್ಷರಸಂಪತ್ತನ್ನೊಳಗೊಂಡ ಗ್ರಂಥವನ್ನು ಅವನ ಪತ್ನಿ ಮಾರ್ಗರೀತಳು 1818ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟಿಸಿದಳು.

ಅರಮನೆಯಲ್ಲಿ ಬೆಳೆದ ಈ ಅಕ್ಷರವನ್ನು ವ್ಯಾಪಾರವು ಬೀದಿಗೆ ಕರೆತಂದಿತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ರಾಬರ್ಟ್ ಥಾರ್ನ್ ಮೊದಲಾದವರು ಅದರ ದಪ್ಪ ಗೆರೆಗಳನ್ನು ಇನ್ನಷ್ಟು ಉಬ್ಬಿಸಿದರು. ಲಾಟರಿಯ ಪ್ರಕಟಣೆಗಳಲ್ಲಿ ಇಂಥ ಅಕ್ಷರಗಳು ವಿಜೃಂಭಿಸಿದವು. ಆದರೆ ದಪ್ಪ ಅಕ್ಷರ ಹೆಚ್ಚು ಸ್ಥಳವನ್ನು ಬೇಡುತ್ತದೆ. ಗಾತ್ರವನ್ನು ತಗ್ಗಿಸಿದರೆ ದೂರಕ್ಕೆ ಕಾಣದು; ಹಿಗ್ಗಿಸಿದರೆ ಪದವು ಹಾಳೆಯಲ್ಲಿ ಹಿಡಿಸದು. ಎತ್ತರವನ್ನು ಉಳಿಸಿಕೊಂಡು ಅಗಲವನ್ನು ಕಿರಿದುಗೊಳಿಸುವುದೇ ಇದಕ್ಕೆ ದೊರೆತ ಪರಿಹಾರ. ಹೀಗೆ ಇಕ್ಕಟ್ಟಾದ ಅಕ್ಷರಗಳು ಬಳಕೆಗೆ ಬಂದವು.

ದೊಡ್ಡ ಲೋಹದ ಮೊಳೆಗಳು ಭಾರವಾಗಿದ್ದವು; ಅವುಗಳ ಬೆಲೆಯೂ ಹೆಚ್ಚು. 1827ರಲ್ಲಿ ನ್ಯೂಯಾರ್ಕಿನ ಡೇರಿಯಸ್ ವೆಲ್ಸನು ಯಂತ್ರದ ನೆರವಿನಿಂದ ಮರದ ಮೊಳೆಗಳನ್ನು ತಯಾರಿಸಿದನು. 1834ರಲ್ಲಿ ವಿಲಿಯಂ ಲೆವೆನ್‌ವರ್ತನು ಒಂದು ಮಾದರಿಯನ್ನನುಸರಿಸಿ ಬೇರೆ ಬೇರೆ ಗಾತ್ರಗಳಲ್ಲಿ ಕೊರೆಯುವ ಸಾಧನವನ್ನು ಅದಕ್ಕೆ ಜೋಡಿಸಿದನು. ಇದರಿಂದ ನೀಳವಾದ ಇಕ್ಕಟ್ಟಿನ ಅಕ್ಷರಗಳು ಸುಲಭವಾಗಿ ದೊರೆಯುವಂತಾದವು. ಇಪ್ಪತ್ತನೆಯ ಶತಮಾನದಲ್ಲಿಯೂ ಈ ಪರಂಪರೆ ಮುಂದುವರಿಯಿತು. 1937ರಲ್ಲಿ ಅಮೆರಿಕದಲ್ಲಿ ಗೆರಿ ಪೊವೆಲ್ ರಚಿಸಿದ 'ಆನಿಕ್ಸ್' ಇದಕ್ಕೆ ಸಾಕ್ಷಿ.

ಅಕ್ಷರವನ್ನು ಇಕ್ಕಟ್ಟಾಗಿಸುವುದೆಂದರೆ ಅದನ್ನು ಪಕ್ಕದಿಂದ ಅದುಮುವುದಲ್ಲ. ಸಾಮಾನ್ಯ ಅಕ್ಷರವನ್ನು ಹಾಗೆ ಅದುಮಿದರೆ ನೆಟ್ಟನೆಯ ಗೆರೆಗಳು ಬಡವಾಗುತ್ತವೆ. ಅಡ್ಡಗೆರೆಗಳು ಮಾತ್ರ ಮೊದಲಿನಷ್ಟೇ ಉಳಿಯುತ್ತವೆ. ಆಗ ಅಕ್ಷರದ ಪ್ರಮಾಣವೇ ಕೆಡುತ್ತದೆ. ಆದಕಾರಣ ಪ್ರತಿಯೊಂದು ಅಕ್ಷರವನ್ನೂ ಹೊಸದಾಗಿ ಬರೆದು, ಗೆರೆಗಳ ದಪ್ಪವನ್ನೂ ಅವುಗಳ ನಡುವಣ ಬಿಳಿಯ ತೆರಪನ್ನೂ ತೂಗಿ ನೋಡಬೇಕು.

ಇಷ್ಟೆಲ್ಲ ಶ್ರಮಪಟ್ಟು ರಚಿಸಿದ ಅಕ್ಷರವೂ ತನ್ನ ಸ್ಥಾನವನ್ನು ಬಿಟ್ಟರೆ ಸೋಲುತ್ತದೆ. ಶಿರೋನಾಮೆಯಲ್ಲಿ ರಾಜಗಾಂಭೀರ್ಯದಿಂದ ನಿಲ್ಲುವ ಅದನ್ನು ಪಾಠದ ಸಣ್ಣ ಸಾಲುಗಳಲ್ಲಿ ಬಳಸಿದರೆ ಸೂಕ್ಷ್ಮರೇಖೆಗಳು ಮಾಯವಾಗುತ್ತವೆ. 'ಮಿನಿಮಮ್' ಎಂಬ ಇಂಗ್ಲಿಷ್ ಪದವು ಬೇಲಿಯ ಗೂಟಗಳ ಸಾಲಿನಂತೆ ತೋರುತ್ತದೆ. ಕಣ್ಣು ಪದವನ್ನು ಗುರುತಿಸಲು ತಡವರಿಸುತ್ತದೆ, ಓದು ಕುಂಟುತ್ತದೆ. ಗಣಕಯಂತ್ರವು ಒಂದೇ ರೂಪವನ್ನು ಯಾವ ಗಾತ್ರಕ್ಕಾದರೂ ಹಿಗ್ಗಿಸಿ ಕುಗ್ಗಿಸಬಲ್ಲುದು; ಆದರೆ ವಿವೇಚನೆ ಮನುಷ್ಯನದೇ. 1990ರ ದಶಕದ ಆರಂಭದಲ್ಲಿ 'ಹಾರ್ಪರ್ಸ್ ಬಜಾರ್' ಪತ್ರಿಕೆಗಾಗಿ ಜೊನಾಥನ್ ಹೆಫ್ಲರ್ ಅವರು ದಿದೋ ಮಾದರಿಯ ಅಕ್ಷರಗಳನ್ನು ರಚಿಸುವಾಗ ಏಳು ಗಾತ್ರಗಳಿಗೆ ಪ್ರತ್ಯೇಕ ರೂಪಗಳನ್ನು ಸಿದ್ಧಪಡಿಸಿದರು. ಕೆತ್ತನೆಗಾರರ ಹಳೆಯ ವಿವೇಕವು ಹೀಗೆ ಹೊಸ ಯಂತ್ರಕ್ಕೂ ದಾರಿದೀಪವಾಯಿತು.

ಹನ್ನೊಂದನೆಯ ಶತಮಾನದ ಕಾಶ್ಮೀರದ ವಿದ್ವಾಂಸ ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವವೆಂದು ಪರಿಗಣಿಸಿದನು. ಅಚ್ಚಿನ ಅಕ್ಷರಕ್ಕೂ ಆ ಮಾತು ಒಪ್ಪುತ್ತದೆ. ಕರೆಯುವ ಅಕ್ಷರ ಬೇರೆ, ಜೊತೆಯಲ್ಲಿ ನಡೆಯುವ ಅಕ್ಷರ ಬೇರೆ. ಯಾವುದನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು ಅರಿತವನೇ ನಿಜವಾದ ಮುದ್ರಣ ಕಲಾವಿದ.