ಚಳಿಗಾಲಕ್ಕೆ ಮುನ್ನ ಕೋಳಿಗೂಡು

ದೀಪಾವಳಿ ಕಳೆದ ಮೇಲೆ ನಮ್ಮ ಮಿರಜ, ಸಾಂಗ್ಲಿ ಭಾಗದಲ್ಲಿ ಮೂಡಗಾಳಿ ಬೀಸತೊಡಗುತ್ತದೆ. ಡಿಸೆಂಬರ್, ಜನವರಿಯ ಬೆಳಗಿನ ಜಾವ ಉಷ್ಣಾಂಶ ಕೆಲವು ದಿನ 10 ಡಿಗ್ರಿ ಸೆಲ್ಸಿಯಸ್ ಸಮೀಪಕ್ಕೆ ಇಳಿಯುವುದುಂಟು. ಮೊಟ್ಟೆ ಮಾರಿದ ಹಣದಲ್ಲೇ ಮಕ್ಕಳ ಪಾಟಿ-ಪುಸ್ತಕ ಕೊಳ್ಳುವ ತಾಯಂದಿರಿಗೆ ಇದು ಚಿಂತೆಯ ಕಾಲ. ಕ್ರಿಸ್ತಜಯಂತಿಗೆಂದು ಬೆಳೆಸಿದ ಹುಂಜವೂ ಅದೇ ಗೂಡಿನಲ್ಲಿರುತ್ತದೆ. ಆದುದರಿಂದ ಆಗಮನ ಕಾಲಕ್ಕೆ ಮೊದಲೇ ಗೂಡನ್ನು ಸರಿಪಡಿಸಿಕೊಳ್ಳುವುದು ಲೇಸು.

ಬೆಳೆದ ಕೋಳಿ ನಮ್ಮ ಕಡೆಯ ಚಳಿಯನ್ನು ಸಹಿಸಬಲ್ಲದು. ಅದರ ಮೈಶಾಖ ಸುಮಾರು 41 ಡಿಗ್ರಿ. ಪುಕ್ಕ ಉಬ್ಬಿಸಿ ಕುಳಿತರೆ ಅದೇ ಅದಕ್ಕೆ ಕಂಬಳಿ. ಅದು ತಾಳಲಾರದ್ದು ತೇವ ಮತ್ತು ಕೆಟ್ಟ ಗಾಳಿ. ನಾವಾದರೋ ಕರುಣೆಯಿಂದ ಗೂಡಿನ ಸುತ್ತ ತಾಡಪತ್ರಿ ಬಿಗಿದುಬಿಡುತ್ತೇವೆ. ರಾತ್ರಿಯಿಡೀ ಉಸಿರಿನ ಆವಿಯೂ ಹಿಕ್ಕೆಯ ಅಮೋನಿಯಾ ಅನಿಲವೂ ಒಳಗೇ ನಿಲ್ಲುತ್ತವೆ. ಬೆಳಗಾಗುವಷ್ಟರಲ್ಲಿ ಪತ್ರಾದಿಂದ ನೀರು ಹನಿಯುತ್ತದೆ. ಕೆಲವೇ ದಿನಗಳಲ್ಲಿ ಕೋಳಿಯ ಕಣ್ಣು ಊದಿ ಮೂಗು ಸುರಿದಾಗ ಚಳಿಯನ್ನು ದೂರುತ್ತೇವೆ! ನಸುಕಿನಲ್ಲಿ ಬಾಗಿಲು ತೆರೆದೊಡನೆ ಸ್ವಲ್ಪ ಬಗ್ಗಿ ನೋಡಿರಿ. ನಿಮ್ಮ ಕಣ್ಣು ಉರಿದರೆ ಗೂಡಿಗೆ ಗಾಳಿ ಸಾಲದು.

ಮೂಡಣ ಮತ್ತು ಬಡಗಣ ದಿಕ್ಕಿಗೆ ಗೋಣಿಚೀಲವನ್ನೋ ಕಣಿಕೆಯ ತಟ್ಟಿಯನ್ನೋ ಕಟ್ಟಬೇಕು. ಗಾಳಿ ಬಾರದ ಕಡೆಯಲ್ಲಿ, ಮಾಡಿನ ಕೆಳಗೆ ಒಂದು ಗೇಣು ತೆರವು ಬಿಟ್ಟು, ಬೆಕ್ಕು, ಮುಂಗುಸಿ ನುಗ್ಗದಂತೆ ಜಾಳಿಗೆ ಹೊಡೆಯಬೇಕು. ಬಿಸಿಲೇರಿದೊಡನೆ ಗೋಣಿ ಸುತ್ತಿ ಮೇಲೆತ್ತಿರಿ.

ನೆಲದ ತೇವದ ವಿಷಯ, 2019ರ ಆಗಸ್ಟ್ ಮತ್ತು 2021ರ ಜುಲೈಯ ಕೃಷ್ಣೆಯ ಮಹಾಪೂರ ಕಂಡ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಮುರುಮು ಹಾಕಿ ನೆಲ ಎತ್ತರಿಸಿ, ಮೇಲೆ ಮೂರು ಅಂಗುಲ ಭತ್ತದ ಹೊಟ್ಟನ್ನೋ ಕತ್ತರಿಸಿದ ಒಣ ಕಬ್ಬಿನ ರವದಿಯನ್ನೋ ಹರಡಿರಿ. ಬೂಷ್ಟು ಹಿಡಿದದ್ದು ಬೇಡ. ಅದು ಕೋಳಿಯ ಶ್ವಾಸಕೋಶಕ್ಕೆ ಮಾರಕ. ವಾರಕ್ಕೆರಡು ಬಾರಿ ಕೆದರಿ, ನೆನೆದ ಭಾಗವನ್ನು ತಿಪ್ಪೆಗೆ ಹಾಕಿರಿ. ಕೂರಲು ಎರಡು ಅಂಗುಲ ಅಗಲದ ಚಪ್ಪಟೆ ರೀಪು ಒಳ್ಳೆಯದು, ಅದರ ಮೇಲೆ ಕುಳಿತ ಕೋಳಿ ಬೆರಳುಗಳನ್ನು ಎದೆಯ ಪುಕ್ಕದಲ್ಲಿ ಮುಚ್ಚಿಕೊಳ್ಳುತ್ತದೆ. ಸಂಜೆ ಒಂದು ಹಿಡಿ ಜೋಳ ಇಲ್ಲವೆ ಗೋವಿನಜೋಳ ಹೆಚ್ಚಿಗೆ ಕೊಟ್ಟರೆ ಅದು ಜೀರ್ಣವಾಗುತ್ತ ರಾತ್ರಿ ಮೈ ಬೆಚ್ಚಗಿರುತ್ತದೆ.

ಮೊಟ್ಟೆ ಕಡಿಮೆಯಾಯಿತೆಂದು ಟಾನಿಕ್ಕಿಗೆ ಹಣ ಸುರಿಯಬೇಡಿರಿ. ಡಿಸೆಂಬರಿನಲ್ಲಿ ನಮ್ಮ ಹಗಲು 11 ಗಂಟೆಗಿಂತ ತುಸುವೇ ಹೆಚ್ಚು. ಚೆನ್ನಾಗಿ ಮೊಟ್ಟೆಯಿಡಲು ಸುಮಾರು 14 ಗಂಟೆಯ ಬೆಳಕು ಬೇಕು. ನಾಟಿ ಕೋಳಿ ವಿಶ್ರಮಿಸಿಕೊಳ್ಳಲಿ.

ಮರಿಗಳ ಮಾತು ಬೇರೆ. ತಾಯಿಕೋಳಿ ಇದ್ದರೆ ರೆಕ್ಕೆಯೊಳಗೆ ಸೇರಿಸಿಕೊಳ್ಳುತ್ತದೆ. ಮತ್ತಾಯನ ಶುಭಸಂದೇಶದ 23ನೇ ಅಧ್ಯಾಯದಲ್ಲಿ ಪ್ರಭು ಯೇಸು ತಮ್ಮನ್ನು ಹೋಲಿಸಿಕೊಂಡದ್ದು ಈ ತಾಯಿಗೇ. ಕೊಂಡು ತಂದ ಮರಿಗಳಿಗೆ ಮೊದಲ ವಾರ ಸುಮಾರು 35 ಡಿಗ್ರಿ ಕಾವು ಬೇಕು. ಮುಂದೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬಹುದು. ಬಲ್ಬಿನ ಕೆಳಗೆ ಒತ್ತೊತ್ತಾಗಿ ಗುಂಪುಗೂಡಿದರೆ ಚಳಿ, ಬಾಯ್ದೆರೆದು ದೂರ ಸರಿದರೆ ಸೆಕೆ. ಮುಚ್ಚಿದ ಗೂಡಿನಲ್ಲಿ ಇದ್ದಿಲ ಕೆಂಡ ಎಂದಿಗೂ ಇಡಬೇಡಿರಿ. ವಿಷಾನಿಲದ ಭಯವೂ ಇದೆ, ಬೆಂಕಿಯ ಭಯವೂ ಇದೆ.

ರಾಣಿಖೇತ್ ರೋಗದ ಲಸಿಕೆಯನ್ನು ಕೋಳಿಗಳು ಆರೋಗ್ಯದಿಂದಿರುವಾಗಲೇ ಹಾಕಿಸಬೇಕು. ಹಸಿರು ಹಿಕ್ಕೆ ಕಂಡು, ಕತ್ತು ತಿರುಚಿದ ಮೇಲೆ ಓಡಾಡಿ ಫಲವಿಲ್ಲ. ಒಮ್ಮೆಲೇ ಹಲವು ಕೋಳಿ ಸತ್ತರೆ ತಿನ್ನಬೇಡಿರಿ, ಮಾರಬೇಡಿರಿ, ಪಶುವೈದ್ಯರಿಗೆ ತಿಳಿಸಿರಿ. 2006ರಲ್ಲಿ ಭಾರತದಲ್ಲಿ ಹಕ್ಕಿಜ್ವರ ಮೊದಲು ಕಂಡದ್ದು ನಮ್ಮ ಮಹಾರಾಷ್ಟ್ರದ ನವಾಪುರದಲ್ಲೇ.

ಇನ್ನು, ಚಳಿಯೆಂದು ಕೋಳಿಬುಟ್ಟಿಯನ್ನು ಮಕ್ಕಳು ಮಲಗುವ ಕೋಣೆಗೆ ತರುವ ಮನೆಗಳಿವೆ. ಹಿಕ್ಕೆಯ ಧೂಳು ಮಕ್ಕಳ ಎದೆಗೆ ಒಳ್ಳೆಯದಲ್ಲ. ದಮ್ಮು ಇರುವ ಅಜ್ಜ-ಅಜ್ಜಿಯರಿಗಂತೂ ಬೇಡವೇ ಬೇಡ. ಬುಟ್ಟಿ ಪಡಸಾಲೆಯ ಹೊರಗಿರಲಿ. ಗೂಡು ಗುಡಿಸಿ ಬಂದವರು ಸಾಬೂನಿನಿಂದ ಕೈ ತೊಳೆದ ನಂತರವೇ ರೊಟ್ಟಿ ಮುಟ್ಟಲಿ.